ನೆಲದಡಿಯ ಹನ್ನೊಂದು ನಿಮಿಷ

ನಾವಿರುವ ಊರು, ಜರ್ಸಿಯ ಮಾನ್ಮತ್ ಜಂಕ್ಷನ್‌ನಿಂದ ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ಗೆ ನೆಟ್ಟಗಿನ ದಾರಿ ಒಂದಿದೆ. ಹತ್ತಿರದ ಸ್ಟೇಷನ್‌ನಲ್ಲಿ ಕಾರು ಬಿಟ್ಟು ದೊಡ್ಡ ರೈಲು ಹತ್ತಿದರೆ ಸೀದಾ ನಗರದ ನಡುಮಧ್ಯಕ್ಕೆ ಕರೆದೊಯ್ಯುತ್ತದೆ. ನಮ್ಮ ಕಡೆಯಿಂದ ಕಮ್ಯೂಟ್ ಮಾಡುವವರೆಲ್ಲ ಅದನ್ನೇ ಹಿಡಿಯುತ್ತಾರೆ. ನಾನು ಮಾತ್ರ ನ್ಯೂಆರ್ಕ್‌ನಲ್ಲಿ ಇಳಿದು ಚಿಕ್ಕ ರೈಲಿಗೆ ಬದಲಾಯಿಸಿ, ಜರ್ಸಿ ಸಿಟಿಯ ನೆಲದಡಿಯ ಒಂದು ನಿಲ್ದಾಣದಲ್ಲಿ ಮತ್ತೆ ಇಳಿದು, ಮೂರನೆಯ ರೈಲು ಹಿಡಿದು ನಾನು ಕೆಲಸ ಮಾಡುವ ಆಸ್ಪತ್ರೆ ಸೇರುತ್ತೇನೆ. ಇಪ್ಪತ್ತು ನಿಮಿಷ ದಂಡ. "ಬೇಕಂತಲೇ ಸುತ್ತು ಹೊಡಿಯೋ ಹೆಂಗಸನ್ನ ನಾ ಎಲ್ಲೂ ನೋಡಿಲ್ಲ ಬಿಡು" ಎಂದು ನಮ್ಮವರು ನಗುತ್ತಾರೆ. ಅವರು ಧಾರವಾಡದವರು, ನಾನು ಮೈಸೂರಿನವಳು. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಒಬ್ಬರ ನಗು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗಿಲ್ಲ. ಆದರೆ ನಾನು ಆ ಸುತ್ತು ಯಾಕೆ ಹೊಡೆಯುತ್ತೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ನೋಡಲು ಆ ನಿಲ್ದಾಣದಲ್ಲಿ ಚೆಂದ ಅನ್ನುವಂಥದ್ದು ಏನೂ ಇಲ್ಲ. ರಸ್ತೆಯಿಂದ ಎಸ್ಕಲೇಟರ್ ಇಳಿದರೆ ನಡುವೆ ಒಂದೇ ಉದ್ದನೆಯ ಪ್ಲಾಟ್‌ಫಾರ್ಮ್, ಅದರ ಎರಡು ಪಕ್ಕಕ್ಕೂ ಹಳಿ. ಒಂದು ಪಕ್ಕ ನ್ಯೂಯಾರ್ಕ್ ಕಡೆಗೆ, ಇನ್ನೊಂದು ಪಕ್ಕ ಜರ್ಸಿಯ ಒಳಗಡೆಗೆ. ನ್ಯೂಯಾರ್ಕ್ ಕಡೆಯ ದಾರಿ ಇಲ್ಲಿಂದ ಮುಂದೆ ಎರಡಾಗಿ ಒಡೆಯುತ್ತದೆ. ಒಂದು ನಗರದ ಕೆಳ ತುದಿಗೆ, ಇನ್ನೊಂದು ನಡುಭಾಗಕ್ಕೆ. ಹಾಗಾಗಿ ಎಲ್ಲರೂ ಇಲ್ಲಿ ಇಳಿದು ಹತ್ತುವವರೇ, ಇರುವವರು ಯಾರೂ ಇಲ್ಲ. ಬೇಸಿಗೆಯಲ್ಲಿ ಉಸಿರು ಕಟ್ಟುತ್ತದೆ, ಚಳಿಗಾಲದಲ್ಲಿ ಕೋಟಿನೊಳಗೆ ಬೆವರುತ್ತದೆ, ವರ್ಷ ಪೂರ್ತಿ ಕಬ್ಬಿಣದ ಪುಡಿಯ ವಾಸನೆ. ನನ್ನ ಬದುಕಿನ ಅತ್ಯಂತ ಒಳ್ಳೆಯ ದಿನಗಳು ಅಲ್ಲಿನ ಒಂದು ಮರದ ಬೆಂಚಿನ ಮೇಲೆ ಕಳೆದಿವೆ ಎಂದರೆ ಯಾರೂ ನಂಬುವುದಿಲ್ಲ.

ಆಗ ನಮ್ಮ ಮಗಳಿಗೆ ಒಂದೂವರೆ ವರ್ಷ. ಆ ಚಿಕ್ಕ ರೈಲಿನ ದಾರಿ ಕೊನೆಗೊಳ್ಳುವ ನ್ಯೂಆರ್ಕ್‌ನಲ್ಲಿ ಒಂದು ಬೆಡ್‌ರೂಮಿನ ಮನೆ. ನನಗೆ ಮ್ಯಾನ್‌ಹಟನ್‌ನ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಬೆಳಗಿನ ಪಾಳಿ. ಏಳಕ್ಕೆ ಹೋದರೆ ಮೂರಕ್ಕೆ ಬಿಡುಗಡೆ. ಇವರು ನಗರದ ಕೆಳ ತುದಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳು ಕೆಡದಂತೆ ಕಾಯುವ ಕೆಲಸದವರು, ನಾಲ್ಕೂಕಾಲಿಗೆ ಶುರುವಾಗುವ ಸಂಜೆ ಪಾಳಿ. ಡೇಕೇರ್ ನಮ್ಮ ಕೈಗೆಟುಕುವಂತಿರಲಿಲ್ಲ. ಹಗಲು ಮಗು ಅವರ ಹತ್ತಿರ, ಸಂಜೆ ನನ್ನ ಹತ್ತಿರ. ನಾನು ಮನೆ ಸೇರುವವರೆಗೆ ಅವರು ಕಾದರೆ ಅವರ ಕೆಲಸ ಹೋಗುತ್ತಿತ್ತು. ಅದಕ್ಕೆ ಅವರೇ ಮಗುವನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು ಆ ನೆಲದಡಿಯ ನಿಲ್ದಾಣಕ್ಕೆ ಬರುತ್ತಿದ್ದರು. ನಾನು ಅತ್ತ ಕಡೆಯಿಂದ ಬಂದು ಇಳಿಯುತ್ತಿದ್ದೆ. ನನ್ನ ರೈಲು ಮೂರು ಮೂವತ್ತೊಂದಕ್ಕೆ, ಅವರು ಹತ್ತಬೇಕಾದದ್ದು ಮೂರು ನಲವತ್ತೆರಡಕ್ಕೆ. ನಡುವೆ ಹನ್ನೊಂದು ನಿಮಿಷ.

ಬ್ಲಡ್ ಬ್ಯಾಂಕಿನಲ್ಲಿ ಒಂದು ಕಟ್ಟುನಿಟ್ಟು. ರಕ್ತದ ಚೀಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಕೊಡುವವರು ಓದಿ ಹೇಳಬೇಕು, ತೆಗೆದುಕೊಳ್ಳುವವರು ಅದನ್ನೇ ತಿರುಗಿ ಹೇಳಬೇಕು. ಅಲ್ಲಿಯವರೆಗೆ ಕೊಟ್ಟ ಹಾಗಲ್ಲ. ಈ ಪದ್ಧತಿಯನ್ನು ನಾನು ನಿಲ್ದಾಣಕ್ಕೂ ತಂದಿದ್ದೆ. ಇವರು ಮೊದಮೊದಲು ಗೊಣಗಿದರು, ಆಮೇಲೆ ನನಗಿಂತ ಚೆನ್ನಾಗಿ ಕಲಿತರು.

"ಎರಡಕ್ಕ ಹಾಲು. ಮೂರು ಚಮಚ ಅನ್ನ ಸಾರು. ಡೈಪರ್ ಈಗರೆ ಬದಲಿ ಮಾಡೀನಿ. ಬಲಗೈ ಮ್ಯಾಲೆ ಒಂದು ಗುಳ್ಳಿ ಆಗೇದ ನೋಡು. ಕೊಟ್ಟೆ."

"ಎರಡಕ್ಕೆ ಹಾಲು, ಮೂರು ಚಮಚ ಅನ್ನ, ಡೈಪರ್ ಆಗಿದೆ, ಬಲಗೈ ಮೇಲೆ ಗುಳ್ಳೆ. ತಗೊಂಡೆ."

ಇಷ್ಟಕ್ಕೆ ಎರಡು ನಿಮಿಷ. ಉಳಿದದ್ದು ಒಂಬತ್ತು. ಇವರು ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ತರುತ್ತಿದ್ದರು. ದಿನವೂ ಅದೇ. ಧಾರವಾಡದ ಗಂಡಸಿಗೆ ಬೇರೆ ತಿಂಡಿ ಮಾಡಲು ಬರುವುದಿಲ್ಲವೇ ಎಂದು ರೇಗಿಸುತ್ತಾ ನಾನೇ ಮುಕ್ಕಾಲು ಡಬ್ಬಿ ಖಾಲಿ ಮಾಡುತ್ತಿದ್ದೆ. ಮಗುವಿನ ತಲೆ ನನ್ನ ತೊಡೆಯ ಮೇಲೆ, ಕಾಲು ಅವರ ತೊಡೆಯ ಮೇಲೆ. ನಾವು ಮಾತಾಡಿದ್ದು ಏನು ದೊಡ್ಡದು? ಕೆಳಗಿನ ಮನೆಯವರು ಮತ್ತೆ ಮೀನು ಹುರಿದರು. ಮಗು ಇವತ್ತು ಕಿಟಕಿ ನೋಡಿ "ಬಸ್" ಅಂದಿತು. ನನ್ನ ಸೂಪರ್‌ವೈಸರ್ ಮುಖ ಗಂಟಿಕ್ಕಿಕೊಂಡಿದ್ದಳು. ನಮಗೆ ವಾರದ ರಜೆಯೂ ಬೇರೆ ಬೇರೆ ದಿನ ಬರುತ್ತಿತ್ತು. ಹಾಗಾಗಿ ನಾವು ಮೂವರೂ ಎಚ್ಚರವಾಗಿ ಒಂದು ಕಡೆ ಕೂತಿರುತ್ತಿದ್ದದ್ದು ಅಲ್ಲಿ ಮಾತ್ರ. ಅವರ ರೈಲು ಬರುವ ಮೊದಲು ಸುರಂಗದಿಂದ ಗಾಳಿ ಬರುತ್ತದೆ. ಆ ಗಾಳಿ ಮುಖಕ್ಕೆ ತಾಕಿದರೆ ನಾನು ಡಬ್ಬಿ ಮುಚ್ಚಿ ಸ್ಟ್ರೋಲರ್‌ನ ಹಿಡಿ ಹಿಡಿದುಕೊಳ್ಳುತ್ತಿದ್ದೆ. ಈಗಲೂ ಆ ಗಾಳಿ ಬಂದರೆ ಕೈ ಆ ಹಿಡಿಯನ್ನು ಹುಡುಕುತ್ತದೆ.

ಮಗು ಮಾತ್ರ ಅಳುತ್ತಿರಲಿಲ್ಲ. ಮನೆಯಲ್ಲಿ ನಾನು ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುವ ಹುಡುಗಿ, ಅಲ್ಲಿ ಅಪ್ಪ ರೈಲು ಹತ್ತಿ ಹೋಗುವುದನ್ನು ಶಾಂತವಾಗಿ ನೋಡುತ್ತಿದ್ದಳು. ಕೈ ಬೀಸಿ ನನ್ನ ಕಡೆ ತಿರುಗುತ್ತಿದ್ದಳು. ಈ ಬೆಂಚಿನ ಹತ್ತಿರ ಒಬ್ಬರು ಹೋಗುತ್ತಾರೆ, ಒಬ್ಬರು ಬರುತ್ತಾರೆ ಎಂದು ಅವಳು ತಿಳಿದುಕೊಂಡಿದ್ದಳು ಅನ್ನಿಸುತ್ತದೆ.

ಒಂದು ಮಧ್ಯಾಹ್ನ ಇವರ ಆಫೀಸಿನಲ್ಲಿ ಕರೆಂಟಿನ ತೊಂದರೆಯಾಗಿ ಸಂಜೆ ಪಾಳಿಯವರಿಗೆ ಬರಬೇಡಿ ಎಂದರು. ಇವರು ಮನೆಯಲ್ಲೇ ಇರಬಹುದಿತ್ತು. ಮಗುವನ್ನು ಕರೆದುಕೊಂಡು ನನ್ನನ್ನು ಎದುರುಗೊಳ್ಳಲು ಬಂದರು. ನಾನು ರೈಲಿಳಿದಾಗ ಬೆಂಚಿನ ಮೇಲೆ ಕಾಲು ಚಾಚಿ ರಾಜನ ಹಾಗೆ ಕೂತಿದ್ದರು. "ಇವತ್ತ ರಜಾ ಕೊಟ್ಟಾರ. ಮೂರೂ ಮಂದಿ ಕೂಡೇ ಮನಿಗೆ ಹೋಗೂಣು" ಎಂದರು. ನನಗೆ ಹಬ್ಬ ಬಂದಷ್ಟು ಸಂತೋಷವಾಯಿತು. ಅವತ್ತು ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಅವಲಕ್ಕಿ ತಿಂದೆವು, ಎರಡು ರೈಲು ಸುಮ್ಮನೆ ಹೋಗಲು ಬಿಟ್ಟೆವು. ಹಾಲು ಎಷ್ಟಕ್ಕೆ ಕುಡಿದಳು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ಒಟ್ಟಿಗೆ ಹೋಗುವಾಗ ಯಾರು ಯಾರಿಗೆ ಒಪ್ಪಿಸುವುದು?

ಅಷ್ಟರಲ್ಲಿ ಜನ ಹೆಚ್ಚಾದರು. ಮೂರನೆಯ ರೈಲು ಬಂದಾಗ ಪ್ಲಾಟ್‌ಫಾರ್ಮ್ ತುಂಬಿತ್ತು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡು ಎದುರಿನ ಬಾಗಿಲಿಗೆ ನುಗ್ಗಿದೆ. ಇವರು ಪಕ್ಕದ ಬಾಗಿಲಿಗೆ ನುಗ್ಗಿದರು. ಸ್ಟ್ರೋಲರ್ ಬೆಂಚಿನ ಬದಿಯಲ್ಲಿ, ಕಂಬದ ಮಗ್ಗುಲಲ್ಲಿ, ಬ್ರೇಕ್ ಹಾಕಿ ನಿಂತಿತ್ತು. ಮಗು ಅದರಲ್ಲಿ ಬಿಸ್ಕತ್ತು ಚೀಪುತ್ತಿತ್ತು. ಬಾಗಿಲು ಮುಚ್ಚಿತು.

ನನ್ನ ಲೆಕ್ಕದಲ್ಲಿ ಅವತ್ತು ಅವರಿಗೆ ರಜೆ, ಹಾಗಾಗಿ ಮಗು ಅವರದು. ಅವರ ಲೆಕ್ಕದಲ್ಲಿ ನಾನು ಬಂದಾಯಿತು, ಹಾಗಾಗಿ ಮಗು ನನ್ನದು. ಎಷ್ಟೋ ತಿಂಗಳಿಂದ ಮಗುವಿನ ಹತ್ತಿರ ನಮ್ಮಲ್ಲಿ ಒಬ್ಬರೇ ಇರುತ್ತಿದ್ದೆವು. ಇಬ್ಬರೂ ಇರುವಾಗ ಹೇಗೆ ನಡೆದುಕೊಳ್ಳಬೇಕು ಎನ್ನುವುದೇ ನಮಗೆ ಮರೆತುಹೋಗಿತ್ತು.

ಆ ಬೋಗಿಯಲ್ಲಿ ಜನರ ಬೆನ್ನುಗಳ ನಡುವೆ ನಿಂತು ನಾನು ಏನು ಯೋಚಿಸಿದೆ ಎಂಬುದನ್ನು ಇಪ್ಪತ್ತು ವರ್ಷ ಯಾರಿಗೂ ಹೇಳಲಿಲ್ಲ. ನನಗೆ ಖುಷಿಯಾಗಿತ್ತು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕಾಲಿಗೆ ಸ್ಟ್ರೋಲರ್ ತಗಲುತ್ತಿರಲಿಲ್ಲ, ಹೆಗಲಿಗೆ ಯಾರೂ ಜೊಲ್ಲು ಸುರಿಸುತ್ತಿರಲಿಲ್ಲ. ಮದುವೆಗೆ ಮುಂಚೆ ಮೈಸೂರಿನಲ್ಲಿ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯಂತೆ ನಿಂತಿದ್ದೆ.

ಮುಂದಿನ ನಿಲ್ದಾಣದಲ್ಲಿ ಅರ್ಧ ಜನ ಇಳಿದರು. ಬೋಗಿಯ ಆ ತುದಿಯಲ್ಲಿ ಇವರು ಕಂಡರು. ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಎಷ್ಟು ಹೊತ್ತು ನಕ್ಕೆವೋ ಗೊತ್ತಿಲ್ಲ, ಒಂದು ಉಸಿರಿನಷ್ಟು ಇರಬೇಕು. ಆಮೇಲೆ ಅವರ ಕಣ್ಣು ನನ್ನ ಕಾಲಿನ ಬಳಿಗೆ ಇಳಿಯಿತು, ನನ್ನ ಕಣ್ಣು ಅವರ ಕಾಲಿನ ಬಳಿಗೆ ಇಳಿಯಿತು. ಇವರು ಕೂಗಿದ್ದು ಕೇಳಿಸಿತು. ಮುಚ್ಚುತ್ತಿದ್ದ ಬಾಗಿಲಿಗೆ ಭುಜ ಕೊಟ್ಟು ಹೊರಗೆ ಹಾರಿದರು. ನಾನು ನಡುವೆ ಇದ್ದೆ. ಬಾಗಿಲಿಗೆ ತಲುಪುವಷ್ಟರಲ್ಲಿ ರೈಲು ಹೊರಟಿತ್ತು.

ಅಲ್ಲಿಂದ ಮುಂದಿನ ನಿಲ್ದಾಣ ದೂರ. ರೈಲು ನೆಲದ ಮೇಲೆ ಬಂದು ಕಾರ್ಖಾನೆಗಳ ನಡುವೆ, ಸೇತುವೆಯ ಮೇಲೆ ಓಡುತ್ತದೆ. ಬಾಗಿಲಿನ ಗಾಜನ್ನು ಬಡಿದೆ. ಪಕ್ಕದಲ್ಲಿದ್ದವರು ಏನಾಯಿತು ಎಂದು ಕೇಳಿದರು. ಇಂಗ್ಲಿಷ್ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. ಇಳಿದು ಎದುರಿನ ಪ್ಲಾಟ್‌ಫಾರ್ಮಿಗೆ ಓಡಿ, ರೈಲಿಗೆ ಕಾದು, ತಿರುಗಿ ಬಂದು ಆ ಬೆಂಚಿನ ಮುಂದೆ ನಿಂತಾಗ ಅರ್ಧ ಗಂಟೆ ಕಳೆದಿತ್ತು. ಇವರು ಆಗಲೇ ಬಂದಿದ್ದರು. ಅವರು ಬರುವವರೆಗೆ ಮಗು ಹದಿಮೂರು ನಿಮಿಷ ಒಬ್ಬಳೇ ಇದ್ದಳು. ಒಬ್ಬಳೇ ಎಂದರೆ, ಚಕ್ರದ ಸಂತೆಚೀಲ ಎಳೆದುಕೊಂಡು ಬಂದ ಒಬ್ಬ ಮುದುಕಿ ಸ್ಟ್ರೋಲರ್‌ನ ಹಿಡಿಯನ್ನು ಹಿಡಿದು ಕೂತಿದ್ದಳಂತೆ, ಸಮವಸ್ತ್ರದ ಒಬ್ಬಾಕೆ ರೇಡಿಯೋದಲ್ಲಿ ಮಾತಾಡುತ್ತಿದ್ದಳಂತೆ. ಮಗು ಅತ್ತಿರಲಿಲ್ಲ. ಬಿಸ್ಕತ್ತು ಮುಗಿಸಿ ರೈಲು ಬರುವ ಕಡೆ ನೋಡುತ್ತಿತ್ತಂತೆ. ಅಪ್ಪ ಬಂದಾಗ ಕೈ ಚಾಚಿತಂತೆ, ಅಷ್ಟೆ.

ಮಗುವನ್ನು ನಾನು ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ಮೊದಲು ಜಗಳಕ್ಕೆ ನಿಂತೆ.

"ನೀವು ಕೊಟ್ಟೆ ಅನ್ನಲಿಲ್ಲ! ಕೊಟ್ಟೆ ಅಂದಿದ್ದರೆ ನಾನು ತಗೊಳ್ತಿರಲಿಲ್ವಾ?"

"ಕೊಡೋದೇನಿತ್ತು? ನಾನೂ ನಿನ್ನ ಕೂಡೇ ಬರಾಂವ ಇದ್ನೆಲ್ಲ! ತಾಯಿ ಆದಾಕಿಗೆ ಅದನ್ನೂ ಹೇಳಬೇಕೇನು?"

"ತಾಯಿಗೆ ಮಾತ್ರ ಕಣ್ಣಿರಬೇಕಾ? ನಿಮಗೇನು ಕಣ್ಣು ಹೊಲಿದುಬಿಟ್ಟಿದ್ದರಾ?"

ನೆಲದಡಿಯಲ್ಲಿ ದನಿ ಎಷ್ಟು ದೊಡ್ಡದಾಗಿ ಕೇಳಿಸುತ್ತದೆ ಎಂದು ಅವತ್ತೇ ಗೊತ್ತಾದದ್ದು. ಹೋಗುವವರೆಲ್ಲ ನಿಂತು ನೋಡಿದರು. ನಮ್ಮಿಬ್ಬರ ನಡುವೆ, ಕೆಳಗೆ, ಸ್ಟ್ರೋಲರ್‌ನಲ್ಲಿ ಮಗು ತಲೆ ಎತ್ತಿ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡುತ್ತಿತ್ತು. ಆಗ ಅಳಲು ಶುರು ಮಾಡಿತು. ಮನೆ ಸೇರುವವರೆಗೂ ನಿಲ್ಲಿಸಲಿಲ್ಲ.

ಸಮವಸ್ತ್ರದಾಕೆ ಹೆಸರು, ವಿಳಾಸ ಬರೆದುಕೊಂಡು, ಚೆನ್ನಾಗಿ ಬೈದು ಬಿಟ್ಟಳು. ಏನಾದರೂ ಕಾಗದ ಬರುತ್ತದೆ, ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಬಹಳ ದಿನ ಟಪಾಲು ಡಬ್ಬಿಯನ್ನು ನಾನೇ ಮೊದಲು ತೆಗೆದು ನೋಡುತ್ತಿದ್ದೆ. ಏನೂ ಬರಲಿಲ್ಲ. ಇವರು ಅವರಿವರ ಕಾಲು ಹಿಡಿದು ಹಗಲು ಪಾಳಿಗೆ ಬಂದರು. ಹೇಗೋ ಹೊಂದಿಸಿಕೊಂಡು ಮಗುವನ್ನು ಡೇಕೇರ್‌ಗೆ ಹಾಕಿದೆವು. ಹನ್ನೊಂದು ನಿಮಿಷ ಅಲ್ಲಿಗೆ ಮುಗಿಯಿತು. ಆಮೇಲೆ ಮಾನ್ಮತ್ ಜಂಕ್ಷನ್‌ನಲ್ಲಿ ಮನೆ ಬಂತು, ಮೂವರಿಗೆ ಮೂರು ರೂಮು ಬಂದವು. ಈಗ ಇವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಹಡಿಯಿಂದ ಅವರ ಮೀಟಿಂಗಿನ ದನಿ ಕೇಳಿಸುತ್ತಿರುತ್ತದೆ. ಒಂದೇ ಮನೆಯಲ್ಲಿ ಇಡೀ ಶನಿವಾರ ಇದ್ದೂ ಒಂಬತ್ತು ನಿಮಿಷ ಮಾತಾಡಿರುವುದಿಲ್ಲ. ಯಾರಿಗೂ ಯಾವ ರೈಲೂ ಹಿಡಿಯಬೇಕಿಲ್ಲವಲ್ಲ. ಆ ಬೆಂಚು ನನಗೆ ಬೇಕು ಅನ್ನಿಸುತ್ತದೆ. ನನ್ನ ಮಗುವಿನ ತಲೆ, ಅವರ ಮೊಣಕಾಲು, ಎಣ್ಣೆ ಹತ್ತಿದ ಆ ಡಬ್ಬಿ, ಎಲ್ಲವೂ ಬೇಕು. ಅದೇ ಬೆಂಚಿನ ಮೇಲೆ ನಾನು ಮಾಡಿದ್ದೂ ಇದೆ ಎಂಬುದು ಮರೆತಿಲ್ಲ. ಆದರೂ ಬೇಕು.

ಮಗಳಿಗೆ ಇದನ್ನು ಹೇಳಿರಲಿಲ್ಲ. ಹೇಳಬಾರದು ಎಂದು ನಾವು ಮಾತಾಡಿಕೊಂಡದ್ದೂ ಇಲ್ಲ. ಅವಳು ಓದು ಮುಗಿಸಿ ಮ್ಯಾನ್‌ಹಟನ್‌ನಲ್ಲಿ ಕೆಲಸಕ್ಕೆ ಸೇರಿ, ಗೆಳತಿಯೊಬ್ಬಳ ಜೊತೆ ಮನೆ ಹಿಡಿದಳು. ವಿಳಾಸ ಕಳಿಸಿದಳು. ನೋಡಿದರೆ ಅದೇ ನಿಲ್ದಾಣದ ಮೇಲಿನ ಬೀದಿ. "ವಾಕಿಂಗ್ ಡಿಸ್ಟೆನ್ಸ್ ಅಮ್ಮ, ಸೋ ಕನ್ವೀನಿಯಂಟ್" ಎಂದಳು. ನಾನು, ಇವರು ಮುಖ ಮುಖ ನೋಡಿಕೊಂಡೆವು. ಒಳ್ಳೆಯದಾಯಿತು ಪುಟ್ಟಿ ಎಂದೆ.

ಈ ಸಲದ ಸಂಕ್ರಾಂತಿಗೆ ಮನೆಗೆ ಬಂದಿದ್ದಳು. ಗೆಳೆಯರ ನಾಲ್ಕು ಮನೆಯವರನ್ನೂ ಊಟಕ್ಕೆ ಕರೆದಿದ್ದೆವು. ಸಮರ್‌ಸೆಟ್‌ನಿಂದ ಬಂದ ಒಬ್ಬರು ತಮ್ಮ ಮಗನನ್ನು ಚಿಕ್ಕಂದಿನಲ್ಲಿ ಅಂಗಡಿಯಲ್ಲಿ ಬಿಟ್ಟು ಬಂದ ಕಥೆ ಹೇಳಿ ನಗಿಸಿದರು. ನಮ್ಮವರಿಗೆ ತಡೆಯಲಾಗಲಿಲ್ಲ. ಹೋಳಿಗೆ ಮುರಿಯುತ್ತ, "ಅದೇನ್ ದೊಡ್ಡದು ಬಿಡ್ರಿ, ನಾವು ಗಂಡ ಹೆಂಡತಿ ಇಬ್ಬರೂ ಕೂಡಿ ಈಕೀನ್ನ ಟ್ರೇನ್ ಸ್ಟೇಷನ್‌ನ್ಯಾಗ ಮರ್ತು ಹೋಗಿದ್ವಿ" ಎಂದು ಶುರು ಮಾಡಿಬಿಟ್ಟರು. ಬೇಡ ಎಂದು ನಾನು ಕಣ್ಣು ಬಿಟ್ಟೆ, ಅವರು ನೋಡಲಿಲ್ಲ. ನಿಲ್ದಾಣದ ಹೆಸರನ್ನೂ ಹೇಳಿದರು. ಎರಡು ಬಾಗಿಲು, ಎರಡು ಲೆಕ್ಕ, ಬೋಗಿಯಲ್ಲಿ ನಕ್ಕದ್ದು, ಎಲ್ಲ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮಗಳೂ ನಕ್ಕಳು. ಆಮೇಲೆ, "ವೇಟ್. ಹೌ ಲಾಂಗ್?" ಎಂದು ಕೇಳಿದಳು.

"ಎರಡೇ ನಿಮಿಷ ಪುಟ್ಟಿ" ಎಂದೆ ನಾನು. "ಹತ್ತು ನಿಮಿಷ ಆಗಿರಬೇಕು" ಎಂದರು ಇವರು. ಎರಡೂ ಒಟ್ಟಿಗೇ ಬಾಯಿಂದ ಬಂದವು.

ಅವಳು ನಮ್ಮಿಬ್ಬರ ಮುಖ ನೋಡಿದಳು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ತನ್ನ ಮನೆಯಲ್ಲಿ ಲಾಂಡ್ರಿ ಇದೆ ಎಂದು ಹೊರಟುಹೋದಳು. ಆಮೇಲೆ ಎರಡು ತಿಂಗಳು ಬರಲಿಲ್ಲ. ಫೋನ್ ಮಾಡಿದರೆ ಬಿಝಿ. ಮೆಸೇಜಿಗೆ ಒಂದು ಹೆಬ್ಬೆರಳಿನ ಚಿತ್ರ. ಇವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಾಲಿಗೆ ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಬರಲ್ವಾ ನಿಮಗೆ?" ಎಂದರೆ, "ಇಪ್ಪತ್ತು ವರ್ಷದ ಮಾತು, ನಗೋ ಹಂಗ ಹೇಳಿದ್ರ ನಗ್ತಾಳ ಅಂತ ಮಾಡಿದ್ದೆ" ಎಂದು ಮಹಡಿ ಹತ್ತಿದರು. ಆಮೇಲೆ ಮೀಟಿಂಗಿನ ದನಿಯೂ ಕೆಳಗೆ ಬರಲಿಲ್ಲ. ನಾನು ಎರಡು ನಿಮಿಷ ಎಂದು ಸುಳ್ಳು ಹೇಳಿದ್ದೆನಲ್ಲ, ಅದನ್ನು ಅವರು ಎತ್ತಿ ಆಡಲಿಲ್ಲ. ಅದೂ ನನಗೆ ಚುಚ್ಚಿತು.

ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಅವಳು ಆ ನಿಲ್ದಾಣದಲ್ಲಿ ರೈಲು ಹತ್ತುತ್ತಾಳೆ ಎಂದು ನನಗೆ ಗೊತ್ತಿತ್ತು. ನನ್ನ ಕೆಲಸ ಈಗ ಒಂಬತ್ತೂವರೆಗೆ ಶುರು. ನಾನು ನ್ಯೂಆರ್ಕ್ ಕಡೆಯಿಂದ ಬಂದಿಳಿದು, ನನ್ನ ರೈಲುಗಳನ್ನು ಒಂದೊಂದಾಗಿ ಹೋಗಲು ಬಿಟ್ಟು, ಎಸ್ಕಲೇಟರಿನ ಕಡೆ ನೋಡುತ್ತಾ ನಿಲ್ಲತೊಡಗಿದೆ. ಎರಡು ಸಲ ಕಂಡಳು. ಕಿವಿಯಲ್ಲಿ ಇಯರ್‌ಫೋನ್, ಒದ್ದೆ ಕೂದಲು, ಚಳಿಯಲ್ಲೂ ಕೋಟಿನ ಗುಂಡಿ ಹಾಕಿಲ್ಲ. ಕರೆಯದೆ ಹಿಂದೆ ಸರಿದೆ. ಹೆತ್ತ ಮಗಳನ್ನು ಕಂಬದ ಮರೆಯಿಂದ ಕಳ್ಳಿಯಂತೆ ನೋಡುವ ಗತಿ ಬಂತಲ್ಲ ಎಂದು ನನ್ನನ್ನೇ ಬೈದುಕೊಂಡೆ. ಮರುದಿನವೂ ಹೋಗಿ ನಿಂತೆ.

ಮೂರನೆಯ ಸಲ ಅವಳೇ ನನ್ನನ್ನು ನೋಡಿದಳು. ಇಯರ್‌ಫೋನ್ ತೆಗೆದಳು.

"ಅಮ್ಮ? ವಾಟ್ ಆರ್ ಯೂ ಡೂಯಿಂಗ್ ಹಿಯರ್?"

"ರೈಲು ಬದಲಾಯಿಸ್ತಿದ್ದೆ."

"ಬೇರೆ ದಾರಿ ಇದೆಯಲ್ಲ. ಡೈರೆಕ್ಟ್ ಟ್ರೇನ್."

"ಇದೆ."

ಅವಳು ಇಯರ್‌ಫೋನ್ ಜೇಬಿಗೆ ಹಾಕಿಕೊಂಡಳು. ಆಮೇಲೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣು ಹಾಯಿಸಿ, "ಎಲ್ಲಿ?" ಎಂದಳು. ಕೈ ಮಾಡಿ ತೋರಿಸಿದೆ. ಹಳೆಯ ಮರದ ಬೆಂಚು ಹೋಗಿ ಈಗ ಅಲ್ಲಿ ಲೋಹದ್ದು ಬಂದಿದೆ. ಕಂಬ ಅದೇ. ಅವಳು ಹೋಗಿ ಕೂತಳು. ನಾನು ಪಕ್ಕದಲ್ಲಿ ಕೂತೆ.

"ಒಂದು ವರ್ಷದಿಂದ ದಿನಾ ಇಲ್ಲಿ ನಿಂತ್ಕೋತೀನಿ" ಎಂದಳು. ಅವಳ ಕನ್ನಡ ಚೆನ್ನಾಗಿಯೇ ಇದೆ, ಕೋಪ ಬಂದಾಗ ಮಾತ್ರ ಮುರಿಯುತ್ತದೆ. "ಅಂಡ್ ಯೂ ಬೋತ್ ನ್ಯೂ. ಮನೆ ತಗೊಂಡಾಗ ಹೇಳಬಹುದಿತ್ತು. ಯೂ ಸೆಡ್ ನಥಿಂಗ್. ಎಲ್ಲರ ಮುಂದೆ ಜೋಕ್ ಥರ ಕೇಳಿದೆ ನಾನು. ಆಮೇಲೆ ನೀನು ಎರಡು ನಿಮಿಷ ಅಂತೀಯ, ಅಪ್ಪ ಹತ್ತು ಅಂತಾರೆ."

ಹದಿಮೂರು ಎಂದೆ. ಅಪ್ಪ ಬರೋಕೆ ಹದಿಮೂರು ನಿಮಿಷ ಆಯಿತು, ನಾನು ಬರೋಕೆ ಅರ್ಧ ಗಂಟೆ ಆಯಿತು. ಎರಡು ನಿಮಿಷ ಅಂತ ಸುಳ್ಳು ಹೇಳಿದೆ. ಆಮೇಲೆ ಮಾತು ನಿಲ್ಲಿಸಲು ಆಗಲಿಲ್ಲ. ಬೋಗಿಯಲ್ಲಿ ಎರಡೂ ಕೈ ಬಿಡುವಾಗಿ ನಿಂತಿದ್ದೆ, ಖುಷಿಯಾಗಿತ್ತು ಎಂದು ಹೇಳಿದೆ. ಅಪ್ಪ ಹಾರಿದರು, ನಾನು ಹಾರಲಿಲ್ಲ, ಹಾರಲು ಆಗುತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ ಎಂದೆ. ತಿರುಗಿ ಬಂದಾಗ ನಿನ್ನನ್ನು ಎತ್ತಿಕೊಳ್ಳಲಿಲ್ಲ, ಅಪ್ಪನ ಜೊತೆ ಜಗಳಕ್ಕೆ ನಿಂತೆ ಎಂದೆ. ಅವಳ ರೈಲು ಬಂತು, ಹೋಯಿತು. ನಾನು ನೆಲ ನೋಡುತ್ತಾ ಹೇಳುತ್ತಿದ್ದೆ. ಅಳಬಾರದು ಎಂದುಕೊಂಡಿದ್ದೆ, ಅತ್ತೆ.

"ನಾನು ತುಂಬಾ ಅತ್ತಿದ್ನಾ?" ಎಂದು ಕೇಳಿದಳು.

"ಇಲ್ಲ. ಒಬ್ಬಳೇ ಇದ್ದಾಗ ಅಳಲಿಲ್ಲವಂತೆ. ಅಪ್ಪ ಬಂದಾಗಲೂ ಅಳಲಿಲ್ಲ. ಇಲ್ಲಿ ಯಾವಾಗಲೂ ಒಬ್ಬರು ಹೋಗಿ ಒಬ್ಬರು ಬರ್ತಿದ್ವಲ್ಲ, ನಿನಗೆ ಅದು ಅಭ್ಯಾಸ. ಯಾರೋ ಒಬ್ಬರು ಬರ್ತಾರೆ ಅಂತ ಕೂತಿದ್ದೆ."

"ಅಳಲೇ ಇಲ್ವಾ?"

"ಅತ್ತೆ. ನಾವಿಬ್ಬರೂ ಸೇರಿ ಕೂಗಾಡೋಕೆ ಶುರು ಮಾಡಿದಾಗ."

ಅವಳು ತಿರುಗಿ ಆ ಕಂಬವನ್ನು ನೋಡಿದಳು. ಆಮೇಲೆ ಮೂಗಿನಲ್ಲಿ ಸಣ್ಣಗೆ ನಕ್ಕಳು. ಅವಳಪ್ಪನ ನಗು ಅದು. "ಸೋ ಐ ವಾಸ್ ಫೈನ್" ಎಂದಳು. "ಇಬ್ಬರೂ ಬರೋವರೆಗೆ ಐ ವಾಸ್ ಫೈನ್." ನನ್ನ ಬೆನ್ನಿನ ಮೇಲೆ ಕೈ ಇಟ್ಟಳು. ಎಷ್ಟು ದೊಡ್ಡ ಕೈ ಎನ್ನಿಸಿತು. ಸುರಂಗದಿಂದ ಗಾಳಿ ಬಂತು. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

"ಮನೆಗೆ ಬರ್ತೀಯಾ ಶನಿವಾರ?" ಎಂದೆ.

"ಈಗ ಬೇಡ ಅಮ್ಮ. ಯೂ ಕಮ್ ಟು ಮೈ ಪ್ಲೇಸ್." ರೈಲು ನಿಂತಿತು. ಬಾಗಿಲಿನ ಹತ್ತಿರ ಹೋಗಿ ತಿರುಗಿದಳು. "ಬಟ್ ಇಬ್ಬರೂ ಒಟ್ಟಿಗೆ ಬೇಡ. ಒನ್ ಅಟ್ ಎ ಟೈಮ್. ಓಕೆ?"

ಓಕೆ ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ, ಬಾಗಿಲು ಮುಚ್ಚಿತು. ಕೋಟಿನ ಗುಂಡಿ ಹಾಕಿಕೋ ಎಂದು ಹೇಳುವುದು ಮರೆತೆ.

ಸಂಜೆ ಮನೆಗೆ ಬಂದಾಗ ಇವರು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವಳಿಗೆ ಹೇಳಿದ್ದನ್ನು ಇವರಿಗೂ ಹೇಳಿದೆ, ಬೋಗಿಯಲ್ಲಿ ನನಗಾದ ಖುಷಿಯನ್ನೂ ಸೇರಿಸಿ. ಅದನ್ನು ಅವರೂ ಇದೇ ಮೊದಲು ಕೇಳಿದ್ದು. ಬೈಯುತ್ತಾರೆ ಎಂದುಕೊಂಡೆ. "ನನಗೂ ಆಗಿತ್ತು" ಎಂದರು. ಚಹಾ ಉಕ್ಕಿತು, ಒಲೆ ಆರಿಸಿದರು. ಆಮೇಲೆ ಶನಿವಾರ ಯಾರು ಹೋಗಬೇಕು ಎಂಬ ಮಾತು ಬಂತು. ಎರಡು ತಿಂಗಳಿಂದ ಅವರೂ ಅವಳ ಮುಖ ನೋಡಿರಲಿಲ್ಲ. ಅವರಿಗೆ ಎಷ್ಟು ಆಸೆಯಿದೆ ಎಂದು ನನಗೆ ಕಾಣುತ್ತಿತ್ತು. ನೀವೇ ಹೋಗಿ ಎನ್ನಲು ಬಾಯಿ ತೆರೆದೆ, ಆದರೆ ನನಗೆ ಹೋಗಬೇಕಿತ್ತು. ಎರಡು ಲೋಟ ತೆಗೆದು ಅವರ ಮುಂದಿಟ್ಟೆ.

ಅವರು ಎರಡು ಲೋಟಕ್ಕೆ ಚಹಾ ಸೋಸಿದರು. ನನ್ನ ಲೋಟವನ್ನು ನನ್ನ ಕಡೆಗೆ ಸರಿಸಿದರು.

"ಮೊದಲ ನೀ ಹೋಗು" ಎಂದರು. "ಅವತ್ತ ನಾ ಮೊದಲ ಬಂದಿದ್ದೆ."